ಹಾಡಿನ ನಡುವೆ ಒಂದು ‘ಹಾಓ’

ಶುಕ್ರವಾರ ಚರ್ಚಿನ ಪೂಜೆಗೆ ಬಟ್ಟೆ ಇಸ್ತ್ರಿ ಮಾಡಲೆಂದು ಬೀರು ತೆರೆದರೆ, ಮಗಳ ಫ್ರಾಕಿನ ಹಿಂದೆ ಸಿಕ್ಕಿಕೊಂಡು ಒಂದು ಬಿಳಿ ತೋಳು ಹೊರಬಂತು. ಅಂಗಿ ಇಲ್ಲ, ಬರೀ ತೋಳು. ಎಳೆದಷ್ಟೂ ಬರುತ್ತಲೇ ಇತ್ತು. ಚೀನಾದ ಹಾಡುನಾಟಕದಲ್ಲಿ ವೇಷಧಾರಿಗಳು ಕೈಗಿಂತ ಉದ್ದದ ಇಂಥ ತೋಳು ತೊಡುತ್ತಾರೆ. ದುಃಖಕ್ಕೆ ಒಂದು ಬಗೆಯ ಬೀಸು, ಸಿಟ್ಟಿಗೆ ಇನ್ನೊಂದು. ನಮ್ಮ ಮನೆಯಲ್ಲಿ ಸಿಟ್ಟು ಬಂದಾಗ ಬೀಸಲು ನನ್ನ ಕೈಯಲ್ಲಿ ಸೌಟು ಮಾತ್ರ ಇರುತ್ತದೆ.

ಉಡುಪಿ ಕಡೆಯ ಕೊಂಕಣಿ ಮನೆಗೂ ಈ ತೋಳಿಗೂ ಎಲ್ಲಿಂದೆಲ್ಲಿಯ ನಂಟು ಎಂದು ನೀವು ಕೇಳಬಹುದು. ನಂಟು ಲಿನ್ ಟೀಚರದು. ಗಲ್ಫಿನಲ್ಲಿ, ಅಲ್ ಗರಾಫಾದ ನಮ್ಮ ಕಾಂಪೌಂಡಿನಲ್ಲಿ, ನಮ್ಮ ನೇರ ಮೇಲಿನ ಮನೆಯಲ್ಲಿ ಅವರಿದ್ದರು. ಗಂಡ ಎಂಜಿನಿಯರ್. ಈಕೆ ಚೀನಾದ ತಮ್ಮ ಊರಿನಲ್ಲಿ ನಾಟಕ ತಂಡದ ಹಾಡುಗಾರ್ತಿ. ಬೆಳಿಗ್ಗೆ ತಾರಸಿಯ ನೀರಿನ ಟ್ಯಾಂಕಿಗೆ ಮುಖಮಾಡಿ ‘ಈ... ಆ...’ ಎಂದು ಗಂಟಲು ಸಾಧಿಸುತ್ತಿದ್ದರು. ಮೊದಲ ದಿನ ನಾನು ಯಾರಿಗೋ ಹುಷಾರಿಲ್ಲವೆಂದು ಮೆಟ್ಟಿಲು ಹತ್ತಿ ಓಡಿದ್ದೆ. ಅವರು ನನ್ನನ್ನು ಕೂರಿಸಿ ಬಿಸಿನೀರು ಕೊಟ್ಟರು. ಹಾಲಿಲ್ಲ, ಸಕ್ಕರೆಯಿಲ್ಲ, ಬರೀ ಬಿಸಿನೀರು. ಕುಡಿದು ಬಂದೆ.

ಆ ದಿನಗಳಲ್ಲಿ ನನ್ನ ಚಿಂತೆ ಮಗಳು ಅನಿಷಾಳದು. ಅವಳ ದನಿ ತೆಳು, ಆದರೆ ಚೂಪು. ಚರ್ಚಿನ ಕ್ವಾಯರಿನ ಹಾಡಿನ ಅಭ್ಯಾಸದಲ್ಲಿ ಒಬ್ಬ ಆಂಟಿ, “ಸ್ವಲ್ಪ ಮೆಲ್ಲ ಹಾಡು ಮಗಾ, ನಿನ್ನದು ಮಾತ್ರ ಕೇಳ್ತದೆ” ಎಂದಿದ್ದರು. ಪಾಪ, ಪ್ರೀತಿಯಿಂದಲೇ ಹೇಳಿದ್ದು. ಆದರೆ ಅಂದಿನಿಂದ ಇವಳು ಹಾಡುವುದನ್ನೇ ಬಿಟ್ಟಳು. “ಮಮ್ಮಿ, ನಾನು ಬರೀ ಲಿಪ್ಸ್ ಮೂವ್ ಮಾಡ್ತೇನೆ, ಓಕೆ?” ಎಂದಳು. ಸ್ನಾನದ ಮನೆಯಲ್ಲೂ ಹಾಡು ನಿಂತುಹೋಯಿತು. ಮನೆ ಬಿಕೋ ಎನ್ನುತ್ತಿತ್ತು.

ಒಂದು ಸಂಜೆ ಅವಳು ಆಟದ ಭರದಲ್ಲಿ ಗೆಳತಿಯನ್ನು ಗೇಟಿನಿಂದ ಕೂಗಿದ್ದು ಮೇಲಿನ ಮನೆಗೆ ಕೇಳಿತು. ಲಿನ್ ಟೀಚರ್ ಚಪ್ಪಲಿಯನ್ನೂ ಹಾಕದೆ ಇಳಿದು ಬಂದರು. ಬೈಯುತ್ತಾರೆಂದುಕೊಂಡೆ. ಅವರು ತಮ್ಮ ಅಲ್ಪಸ್ವಲ್ಪ ಇಂಗ್ಲಿಷಿನಲ್ಲಿ ಕೇಳಿದ್ದು ಇಷ್ಟೇ: “ಈ ಗಂಟಲನ್ನು ನನಗೆ ಕೊಡಿ.” ಅವರ ಹಾಡಿಗೆ ಅಂಥ ಏರುದನಿಯೇ ಬೇಕಂತೆ. ಗುಂಪಿನಲ್ಲಿ ಬೆರೆತುಹೋಗುವ ದನಿ ಅಲ್ಲಿ ಸಾಲದಂತೆ.

ಹೀಗೆ ಕಾಂಪೌಂಡಿನ ಹಾಲಿನಲ್ಲಿ ಮಕ್ಕಳ ತರಗತಿ ಶುರುವಾಯಿತು. ಹೆಚ್ಚಿನವರು ನಮ್ಮ ಕರಾವಳಿಯ ಮಕ್ಕಳೇ. ಕನ್ನಡವೇ ನೆಟ್ಟಗೆ ಬಾರದ ಇವರಿಗೆ ಚೀನೀ ಯಾಕೆ ಎಂದು ನನ್ನವರು ಕಾಲೆಳೆದರು. ಆದರೆ ಮೂಲೆಯ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ನನಗೆ ಬೇರೆಯೇ ಕಾಣುತ್ತಿತ್ತು. ನಡೆಯುವುದನ್ನೇ ಅವರು ಮೊದಲಿನಿಂದ ಕಲಿಸಿದರು. ಇಲ್ಲದ ಬಾಗಿಲನ್ನು ತೆರೆಯುವುದು, ಇಲ್ಲದ ಹೊಸ್ತಿಲನ್ನು ದಾಟುವುದು. ಒಮ್ಮೆ ಬೇರೆಯವರ ಮಗನೊಬ್ಬ ಹೊಸ್ತಿಲು ಮರೆತು ನಡೆದಾಗ ನನ್ನ ಕಾಲಿಗೇ ಎಡವಿದಂತಾಯಿತು.

ಮಕ್ಕಳ ಪ್ರದರ್ಶನದ ಹಿಂದಿನ ದಿನ ಟೀಚರ್ ನಮ್ಮನ್ನೆಲ್ಲ ಕೂರಿಸಿ ಒಂದು ಪದ್ಧತಿ ಹೇಳಿದರು. ದನಿ ಏರಿ ನಿಂತ ಕಡೆ, ಹಾಡು ಮುಗಿಯುವ ಮೊದಲೇ ಜನ ‘ಹಾಓ’ ಎಂದು ಕೂಗಬೇಕು. ಭೇಷ್ ಎಂದರ್ಥ. ಮಕ್ಕಳಿಗೂ ಹಾಗೆಂದೇ ಹೇಳಿದ್ದೇನೆ ಎಂದರು. ನಾವು ತಲೆಯಾಡಿಸಿದೆವು.

ಆದರೆ ಹುಟ್ಟಿದಾಗಿನಿಂದ ಪೂಜೆಯಲ್ಲಿ ಕೈಕಟ್ಟಿ ಕುಳಿತವರು ನಾವು. ಹಾಡಿನ ಮಧ್ಯೆ ಕೆಮ್ಮಿದರೆ ಅಮ್ಮನಿಂದ ಚಿವುಟಿಸಿಕೊಂಡವರು. ಮರುದಿನ ಅನಿಷಾ ವೇದಿಕೆಗೆ ಬಂದಳು, ತೋಳು ಬೀಸಿದಳು, ದನಿಯನ್ನು ಎಲ್ಲಿಗೋ ಏರಿಸಿ ನಿಲ್ಲಿಸಿದಳು, ಕಾದಳು. ಹಾಲಿನಲ್ಲಿ ಏಸಿಯ ಸದ್ದು ಮಾತ್ರ. ನನ್ನವರು ಗಂಟಲು ಸರಿಮಾಡಿಕೊಳ್ಳಲು ಹೋದರೆ ನಾನೇ ತುಟಿಗೆ ಬೆರಳಿಟ್ಟೆ. ಅಷ್ಟು ಭಕ್ತಿ. ಹಾಡಿನ ಮುಂದಿನ ಸಾಲಿಗೆ ಅವಳ ದನಿ ತಗ್ಗಿತು. ಅದರ ಮುಂದಿನ ಸಾಲಿಗೆ ತುಟಿ ಅಲುಗಿತು, ದನಿ ಬರಲಿಲ್ಲ.

ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. “ಹಾಓ!” ಎಂದುಬಿಟ್ಟೆ. ತೆಳುವಾದ, ಚೂಪಾದ ದನಿ. ಎಲ್ಲರೂ ತಿರುಗಿ ನೋಡಿದರು. ಮಗಳೂ ನೋಡಿದಳು. ಅವಳ ಗಂಟಲು ಎಲ್ಲಿಂದ ಬಂತೆಂದು ನಮ್ಮಿಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ನಾನು ಕ್ವಾಯರಿನ ಹಿಂದಿನ ಸಾಲಿನಲ್ಲಿ ಎಷ್ಟು ವರ್ಷ ಮೆಲ್ಲ ಹಾಡಿದ್ದೆನೋ. ಅವಳು ಉಸಿರೆಳೆದು ಮತ್ತೆ ಏರಿದಳು. ಈ ಸಲ ಹಿಂದಿನ ಕುರ್ಚಿಗಳಿಂದಲೂ ‘ಹಾಓ’ ಬಂತು. ನನ್ನವರದು ಎಲ್ಲರಿಗಿಂತ ಜೋರು.

ಲಿನ್ ಟೀಚರ್ ಗಂಡನ ಕೆಲಸ ಮುಗಿದು ಊರಿಗೆ ಮರಳಿದರು. ಹೊರಡುವಾಗ ಈ ತೋಳನ್ನು ಅನಿಷಾಳ ಕೈಗಿಟ್ಟರು. ನನ್ನ ಕೃತಜ್ಞತೆ ಹೇಳಲು ನನಗೆ ಅವರ ಭಾಷೆಯ ಒಂದೇ ಪದ ಗೊತ್ತಿತ್ತು. ಅದನ್ನೇ ಹೇಳಿದೆ. ನಕ್ಕರು, ಕಣ್ಣೊರೆಸಿಕೊಂಡರು.

ತೋಳನ್ನು ಇಸ್ತ್ರಿ ಮಾಡಿ ಮಡಿಸಿಟ್ಟು ಅಬು ಹಮೂರಿನ ಚರ್ಚಿಗೆ ಹೊರಟೆವು. ಇವತ್ತಿನ ಕೀರ್ತನೆ ಅನಿಷಾಳದು, ಒಬ್ಬಳದೇ. ದನಿ ಏರಿ ನಿಂತಿತು. ನನ್ನವರು ಮುಂಜಾಗ್ರತೆಯಾಗಿ ನನ್ನ ಕೈ ಒತ್ತಿ ಹಿಡಿದರು. ನಾನು ತುಟಿ ಮಾತ್ರ ಅಲುಗಿಸಿದೆ.

ಪೂಜೆ ಮುಗಿದು ಕಾರಿನಲ್ಲಿ ಕುಳಿತ ಮೇಲೆ ಅವಳು ಹಿಂದಿನ ಸೀಟಿನಿಂದ ಹೇಳಿದಳು: “ಮಮ್ಮಿ, ನೀನು ಹಾಓ ಹೇಳಿದ್ದು ನನಗೆ ಕೇಳಿತು.”