ಅಮ್ಮನ ಪಾಲಿಸಿ, ನಮ್ಮ ಆಫೀಸಿನ ಅರ್ಜಿ

ಅಮ್ಮನ ಹೃದಯಕ್ಕೆ ಸ್ಟೆಂಟ್ ಹಾಕಿಸಿದಾಗ ಆಸ್ಪತ್ರೆಯ ಖರ್ಚು ಕೊಟ್ಟದ್ದು ಅವಳ ಆರೋಗ್ಯ ವಿಮೆ. ಅದೇ ಕಂಪೆನಿಯ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ನನಗೆ ಕೆಲಸ. ಹಾಳಾದ್ದು, ಅವಳ ಪಾಲಿಸಿಯ ಪ್ರೀಮಿಯಂ ಏರಿಸುವ ಅರ್ಜಿಯೂ ನನ್ನ ತಲೆಗೇ ಬಂತು.

ವಯಸ್ಸಾದವರ ಪ್ರೀಮಿಯಂ ಮಿತಿ ಮೀರಿ ಏರಿಸಬೇಕಾದರೆ ಸರ್ಕಾರದ ವಿಮಾ ನಿಯಂತ್ರಕರನ್ನು ಕೇಳಲೇಬೇಕು. ಎಷ್ಟು ಕ್ಲೇಮ್ ಬಂತು, ಯಾಕೆ ನಷ್ಟ, ಎಲ್ಲ ತೋರಿಸಬೇಕು. ನಾವು ಕೇಳಿದ್ದು ಹತ್ತಿರ ಹತ್ತಿರ ದುಪ್ಪಟ್ಟು. ಒಪ್ಪಿಗೆ ಸಿಕ್ಕಿ ಅಮ್ಮ ಪಾಲಿಸಿ ಬಿಟ್ಟರೆ, ಸ್ಟೆಂಟ್ ಹಾಕಿದವಳಿಗೆ ಬೇರೆ ಯಾರು ವಿಮೆ ಕೊಡುತ್ತಾರೆ? ಹೆದರಿಕೆಗೆ ದಿನವೂ ಅದೇ ಲೆಕ್ಕ ಹಾಕುತ್ತಿದ್ದೆ.

ನಾನು ಕಟ್ಟುತ್ತೇನೆಂದರೆ ಅವಳು ಕೇಳುವವಳಲ್ಲ. ಅಪ್ಪ ಇರುವವರೆಗೂ ಎಗ್ಮೋರಿನ ನಮ್ಮ ಹೋಟೆಲಿನ ಅಡುಗೆಮನೆ ನಡೆಸಿದವಳು. ತನ್ನ ವಿಮೆಗೆ ತನ್ನ ದುಡ್ಡೇ ಆಗಬೇಕು. ಪ್ರತಿವರ್ಷ ತಾನೇ ಏಜೆಂಟರ ಮನೆಗೆ ಹೋಗಿ, ಚೆಕ್ ಕೊಟ್ಟು, ಕಾಫಿ ಕುಡಿದು ಬರುತ್ತಿದ್ದಳು.

"ಎಂತಾಯ್ತು? ಮೋರೆ ಸಣ್ಣ ಮಾಡಿಕೊಂಡಿದ್ದಿ," ಎಂದು ಒಂದು ದಿನ ಕೇಳಿದಳು.

"ನಿನ್ನ ಪ್ರೀಮಿಯಂ ದುಪ್ಪಟ್ಟಾಗಬಹುದಮ್ಮ."

"ಆಗಲಿ ಬಿಡು ಮಾರಾಯ್ತಿ," ಎಂದು ಸಾರು ಬಡಿಸಿದಳು.

ಮುಂದೆ ನಿಯಂತ್ರಕರ ಜತೆ ವೀಡಿಯೊ ಕಾಲ್ ಆಯಿತು. ಅವರ ಕಡೆಯ ಅಧಿಕಾರಿಯೊಬ್ಬರು ತಣ್ಣಗೆ ಕೇಳಿದರು: "ಕಳೆದ ಸಲ ದರ ಏರಿಸಿದಾಗ ಬಿಟ್ಟುಹೋದವರು ಯಾರು?"

"ಆರೋಗ್ಯ ಚೆನ್ನಾಗಿರುವವರು ಸರ್. ಉಳಿದದ್ದು ಕಾಯಿಲೆಯವರೇ ಜಾಸ್ತಿ. ಅದಕ್ಕೇ ಕ್ಲೇಮ್ ಏರಿದೆ," ಎಂದರು ನಮ್ಮ ಮ್ಯಾನೇಜರ್.

"ನಿಮ್ಮ ದರಕ್ಕೆ ಅವರು ಬಿಟ್ಟರು. ಆ ನಷ್ಟವನ್ನು ಉಳಿದವರಿಂದ ವಸೂಲಿ ಮಾಡ್ತೀರಾ? ಅದಿರಲಿ, ಬಿಟ್ಟವರು ಆರೋಗ್ಯವಂತರೇ ಅಂತ ಹೇಗೆ ಗೊತ್ತು?"

ಬಿಟ್ಟವರನ್ನೆಲ್ಲ ನಾವು ಆರೋಗ್ಯವಂತರ ಲೆಕ್ಕಕ್ಕೇ ಹಾಕಿದ್ದೆವು; ಯಾರನ್ನೂ ವಿಚಾರಿಸಿರಲಿಲ್ಲ.

ಕೆಲವು ವಾರಗಳ ಮೇಲೆ ಅರ್ಜಿ ತಿರಸ್ಕಾರವಾಯಿತು. ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡು ಕೂತರು. ನನಗೋ ಹೋದ ಜೀವ ಬಂದಂತಾಯಿತು. ಪಲ್ಲಾವರಂ ಮನೆಯ ಬಾಗಿಲಲ್ಲೇ ಹೇಳಿದೆ: "ದರ ಏರುವುದಿಲ್ಲಮ್ಮ. ನಿನ್ನ ಪಾಲಿಸಿ ಹಾಗೇ ಇರ್ತದೆ."

ಅಮ್ಮ ಬೇಳೆ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನು ಈ ಸಲ ಕಟ್ಟಲಿಲ್ಲ," ಎಂದಳು. "ನೀನು ಅಷ್ಟು ಹೆದರಿದ್ದಿಯಲ್ಲ. ದುಪ್ಪಟ್ಟು ನನ್ನಿಂದ ಆಗೂದಿಲ್ಲ, ನಿನ್ನ ಹತ್ರ ಕೇಳೂದೂ ಬೇಡ ಅಂತ ಬಿಟ್ಟೆ."

"ಏಜೆಂಟರು ಫೋನ್ ಮಾಡಲಿಲ್ವಾ?"

"ಮಾಡಿದ್ರು. ಮಗಳು ಅಲ್ಲೇ ಇದ್ದಾಳೆ, ಅವಳೇ ನೋಡಿಕೊಳ್ತಾಳೆ ಅಂದೆ."

ಹಣ ಕಟ್ಟುವ ಗಡುವು ಮುಗಿದು, ಅದರ ಮೇಲೆ ರಿಯಾಯಿತಿಯಾಗಿ ಕೊಡುವ ತಿಂಗಳೂ ಮುಗಿದು, ಪಾಲಿಸಿ ರದ್ದಾಗಿತ್ತು. ಯಾರ ಕೈಕಾಲು ಹಿಡಿದರೂ ಪ್ರಯೋಜನವಾಗಲಿಲ್ಲ.

ಈಗ ಅವಳು ಮೆಟ್ಟಿಲ ನಡುವೆ ನಿಂತು ಎದೆ ಒತ್ತಿಕೊಂಡರೆ ನನ್ನ ಜೀವ ಬಾಯಿಗೆ ಬರುತ್ತದೆ. "ಎಂತದೂ ಇಲ್ಲ, ಗ್ಯಾಸು," ಎನ್ನುತ್ತಾಳೆ. ಆಫೀಸಿನಲ್ಲಿ ಹೊಸ ಅರ್ಜಿಯ ಕೆಲಸ ಶುರುವಾಗಿದೆ. ಬಿಟ್ಟುಹೋದವರಲ್ಲಿ ಅಮ್ಮನೂ ಸೇರಿದ್ದಾಳೆ, ಆರೋಗ್ಯ ಚೆನ್ನಾಗಿರುವವರ ಲೆಕ್ಕದಲ್ಲಿ.