ಏಣಿ ಒರಗಿಸಲು ಜಾಗ

ಶೆಟ್ಟಿಹಳ್ಳಿಯ ನಮ್ಮ ಫ್ಲೆಕ್ಸ್ ಅಂಗಡಿಯಲ್ಲಿ ಕೂತು ಕಂಪ್ಯೂಟರಿನ ಮೇಲೆ ಹಳದಿ ಬಣ್ಣ ಎಳೆದಾಗಲೆಲ್ಲ ನನ್ನ ಕಣ್ಣಮುಂದೆ ಒಂದು ಕಬ್ಬಿಣದ ಏಣಿ ಜಾರುತ್ತದೆ. ಬಣ್ಣ ಮಾತ್ರ ತನ್ನ ಪಾಡಿಗೆ ಒಂದು ಕಡೆ ಗಟ್ಟಿಯಾಗಿ ಶುರುವಾಗಿ, ತೆಳುವಾಗುತ್ತ ಹೋಗಿ, ಇನ್ನೊಂದು ಕಡೆ ಇಲ್ಲವೇ ಆಗುತ್ತದೆ. ಇದಕ್ಕೆ ಗ್ರೇಡಿಯೆಂಟ್ ಎನ್ನುತ್ತಾರೆ. ನಮ್ಮ ಜಿಲ್ಲೆಯ ಸಾರ್ವಜನಿಕ ಜೀವನ ನಿಂತಿರುವುದೇ ಇದರ ಮೇಲೆ. ಎಂದೂ ಜೊತೆಗೆ ನಿಲ್ಲದವರನ್ನು ಇದು ಜೊತೆಗೆ ನಿಲ್ಲಿಸುತ್ತದೆ.

ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರು ತಮ್ಮ ನಾಯಕರ ಹುಟ್ಟುಹಬ್ಬಕ್ಕೆ ಬ್ಯಾನರ್ ಬೇಕೆಂದು ಬಂದರು. ನಾಯಕರ ಫೋಟೋ ಕುಣಿಗಲ್ಲಿನ ಮದುವೆಯೊಂದರದು. ಇವರದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ತೆಗೆದದ್ದು. ಇಡ್ಲಿ ಅಳಿಸಿ, ನಡುವೆ ಹಳದಿ ಎಳೆದು, ಅಂಚುಗಳನ್ನು ಕರಗಿಸಿದೆ. ನಾಯಕರ ಕೈ ಇವರ ಹೆಗಲ ಮೇಲೆ ಬಂದು ಕೂತಿತು.

"ಅಬ್ಬಬ್ಬಾ! ನಂಗೇ ಗೊತ್ತಿಲ್ದಂಗೆ ಯಾವಾಗ ನಿಂತಿದ್ನಪ್ಪಾ ಇವ್ರ ಪಕ್ಕ!" ಎಂದು ಕಣ್ಣೊರೆಸಿಕೊಂಡರು.

ಬ್ಯಾನರ್ ಗುಬ್ಬಿ ಬಸ್‌ಸ್ಟ್ಯಾಂಡಿನ ಎದುರು ಏರಿದ ಮೇಲೆ ಫೋನ್ ಬಂತು.

"ಏನಪ್ಪಾ, ನನ್ನ ಕಿವಿ ಎಲ್ಲಿ?"

ದೊಡ್ಡದಾಗಿ ಪ್ರಿಂಟ್ ಆದಾಗ ಅವರ ಒಂದು ಕಿವಿ, ಅರ್ಧ ಕೆನ್ನೆ ಹಳದಿಯಲ್ಲಿ ಕರಗಿಹೋಗಿದ್ದವು.

"ಕಂಪ್ಯೂಟರಲ್ಲಿ ಚೆನ್ನಾಗಿ ಕಾಣ್ತಿತ್ತಲ್ಲ ಅಣ್ಣಾ."

"ಕಂಪ್ಯೂಟರ್ ತಂದು ಬಸ್‌ಸ್ಟ್ಯಾಂಡಲ್ಲಿ ಕಟ್ಲಾ? ಬ್ಯಾನರ್ ಕೆಳಗಡೆ ಫೋಟೋ ಸಾಲಲ್ಲಿರೋ ಚಿಳ್ಳೆಪಿಳ್ಳೆಗಳೆಲ್ಲ ಎರಡೆರಡು ಕಿವಿ ಇಟ್ಕೊಂಡವ್ರೆ ಕಣಪ್ಪಾ!"

ಎರಡೂ ಕಿವಿಯಿರುವ ಮುಖವನ್ನು ಸ್ಟಿಕ್ಕರಾಗಿ ಪ್ರಿಂಟ್ ಮಾಡಿಕೊಂಡು ಹೋದೆ. ಅವರ ಭಾಮೈದ ಕಬ್ಬಿಣದ ಏಣಿಯನ್ನು ಬ್ಯಾನರಿನ ನಡುವೆ, ನಾಯಕರ ದೊಡ್ಡ ಮುಖದ ಮೇಲೆ ಒರಗಿಸಿದ.

"ಏನ್ಲಾ, ಯಜಮಾನ್ರ ಮುಖದ ಮೇಲೆ ಏಣಿ ಇಕ್ತೀಯಾ? ನಾಳೆ ನಾನ್ ಅವ್ರ ಮುಂದೆ ನಿಲ್ಲೋದ್ ಬ್ಯಾಡ್ವಾ?" ಎಂದು ವ್ಯಾಪಾರಿ ಗದರಿದರು.

ತಮ್ಮ ಮುಖದ ಮೇಲಿಟ್ಟರೆ ಸ್ಟಿಕ್ಕರ್ ಅಂಟಿಸಲಾಗದು. ಉಳಿದದ್ದು ಫ್ರೇಮಿನ ಬಲ ಅಂಚು. ಅದರ ಪಕ್ಕದಲ್ಲೇ ಕರೆಂಟಿನ ತಂತಿ.

ನಾನು ಬಿ.ಎಸ್ಸಿ. ಓದಿದವನು. "ಅಣ್ಣಾ, ತಂತಿ ಹತ್ರ ಇದೆ, ಏಣಿ ಕಬ್ಬಿಣದ್ದು," ಎಂದೆ.

"ಓದಿರೋರ್ಗೆ ಎಲ್ಲಾದ್ಕೂ ಭಯ," ಎನ್ನುತ್ತ ಅವರು ರಬ್ಬರ್ ಚಪ್ಪಲಿಯನ್ನೂ ಬಿಟ್ಟರು. ನಾಯಕರ ಮುಖದ ಎತ್ತರಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬಾರದಂತೆ. ಇದ್ದ ಅಷ್ಟಿಷ್ಟು ರಕ್ಷಣೆಯೂ ಭಕ್ತಿಯಿಂದ ನೆಲದ ಮೇಲೆ ಉಳಿಯಿತು.

ಅವರು ಸ್ಟಿಕ್ಕರ್ ಹಿಡಿದು ಏಣಿ ಹತ್ತಿದರು. ನಾನು ಬುಡ ಹಿಡಿದೆ. ಭಾಮೈದ ಮೊಬೈಲ್ ಹಿಡಿದ.

"ಭಾವಾ, ಒಸಿ ಇತ್ಲಾಗ್ ತಿರುಗಿ ನಗು!"

ಭಾವ ತಿರುಗಿದರು, ನಕ್ಕರು. ಏಣಿ ಜಾರಿತು. ಅದರ ತುದಿ ತಂತಿಯತ್ತ ವಾಲತೊಡಗಿತು. ಬಿಟ್ಟರೆ ಅವರು ಹೋಗುತ್ತಾರೆ, ಹಿಡಿದರೆ ಇಬ್ಬರೂ ಹೋಗುತ್ತೇವೆ. ನಾನು ಧೈರ್ಯದಿಂದ ಹಿಡಿದುಕೊಂಡಿದ್ದೆ ಎಂದು ಆಮೇಲೆ ಎಲ್ಲರೂ ಹೊಗಳಿದರು. ನಿಜವೆಂದರೆ ಬೆರಳುಗಳು ನನ್ನ ಮಾತು ಕೇಳುತ್ತಿರಲಿಲ್ಲ. ತಂತಿಗೂ ಏಣಿಗೂ ಒಂದು ಗೇಣು ಉಳಿದಿದ್ದಾಗ ಅವರು ಬ್ಯಾನರನ್ನು ಬಾಚಿ ತಬ್ಬಿದರು. ನಾಯಕರು ಮೀಸೆಯ ಬಳಿ ಪರ್ರನೆ ಹರಿದರು. ಏಣಿ ಇತ್ತ ವಾಲಿ ಬಿತ್ತು. ಅವರು ಬ್ಯಾನರ್ ಸಮೇತ ಕೆಳಗಿದ್ದ ಗೂಡ್ಸ್ ಆಟೋದ ಕೊಬ್ಬರಿ ಮೂಟೆಗಳ ಮೇಲೆ ಬಿದ್ದರು.

ಸ್ವಲ್ಪ ಹೊತ್ತು ಹಳದಿ ಹಾಳೆ ಅಲುಗಲಿಲ್ಲ. ಆಮೇಲೆ ಒಳಗಿಂದ ದನಿ ಬಂತು: "ಯಜಮಾನ್ರಿಗೆ ಏನೂ ಆಗಿಲ್ಲ ತಾನೇ?"

ಅರ್ಧ ಮೀಸೆ ಅವರ ಮುಷ್ಟಿಯಲ್ಲಿತ್ತು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮತ್ತೆ ಅಂಗಡಿಗೆ ಬಂದರು, ಹೊಸ ಬ್ಯಾನರ್ ಬೇಕೆಂದು.

"ಅಣ್ಣಾ, ಈ ಸಲ ನಿಮ್ಗೂ ಅವ್ರಿಗೂ ಮಧ್ಯ ಏಣಿ ಒರಗಿಸೋಷ್ಟು ಜಾಗ ಖಾಲಿ ಬಿಡ್ತೀನಿ."

"ಹಂಗ್ ಮಾಡುದ್ರೆ ಕೈ ಹೆಗಲ ಮೇಲೆ ಇರ್ತದಾ?"

"ಇರಲ್ಲ."

ಅವರು ಪ್ಲಾಸ್ಟರ್ ಸವರುತ್ತ ಯೋಚಿಸಿದರು. "ಕೈ ಇರ್ಲಿ ಬುಡು. ಈ ಸಲ ಏಣಿ ಹತ್ತಕ್ಕೆ ಭಾಮೈದ ಅವ್ನೆ."

ಹೊರಗೆ ಭಾಮೈದ ಬೈಕಿನ ಮೇಲೆ ಕೂತು ಭಾವ ಬಿದ್ದ ವಿಡಿಯೋವನ್ನೇ ಮತ್ತೆ ನೋಡುತ್ತಿದ್ದ. ನಾನು ಕೈ ಹೆಗಲ ಮೇಲಿಟ್ಟೇ ತೋರಿಸಿದೆ, ಒಪ್ಪಿಗೆ ಪಡೆದೆ. ಅವರು ಹೋದ ಮೇಲೆ ನಡುವೆ ಏಣಿಯಗಲ ಹಳದಿ ಎಳೆದು, ಆ ಕೈಯನ್ನು ಮಣಿಕಟ್ಟಿನವರೆಗೂ ಕರಗಿಸಿ ಪ್ರಿಂಟಿಗೆ ಕಳಿಸಿದೆ.

ಮತ್ತೆ ಫೋನ್ ಬಂತು. "ಏನಪ್ಪಾ, ಯಜಮಾನ್ರು ಕೈ ತೆಗ್ದುಬುಟ್ಟವ್ರಲ್ಲ!"

"ತೆಗ್ದಿಲ್ಲ ಅಣ್ಣಾ," ಎಂದೆ, "ಇದೆ. ಕಾಣಲ್ಲ ಅಷ್ಟೆ."

ಅವರಿಗೆ ಸಮಾಧಾನವಾಯಿತು.