ಕಾಂಟ್ರಾಸ್ಟ್ ಮಿಸ್

ನಮ್ಮ ಗುಬ್ಬಿಯಲ್ಲಿ ಅಕ್ರಿಲಿಕ್ ಚಿತ್ರ ಕಲಿಸುವ ಗಂಗಾಂಬಿಕೆ ಮಿಸ್, ಕಪ್ಪು ತಾಕದ ಕ್ಯಾನ್ವಾಸನ್ನು ಚಿತ್ರವೆಂದೇ ಒಪ್ಪುವವರಲ್ಲ. ತೆಂಗಿನ ತೋಟ ಬರೆದವರಿಗೂ ಗಣಪತಿ ಬರೆದವರಿಗೂ ಅವರದು ಒಂದೇ ಮಾತು: "ಕಾಂಟ್ರಾಸ್ಟ್ ಎಲ್ಲಮ್ಮಾ? ಸೀರೆಗಾದ್ರೆ ಹುಡುಕ್ಕೊಂಡೋಗಿ ಕಾಂಟ್ರಾಸ್ಟ್ ಬ್ಲೌಸ್ ಹೊಲಿಸ್ತೀಯ, ಚಿತ್ರಕ್ಕೆ ಬ್ಯಾಡ್ವಾ?" ಬಿಳಿ ಬೆರೆಸಿ ಬಣ್ಣ ತಿಳಿ ಮಾಡಲು ಹೊರಟವರ ಕೈಯಿಂದ ಟ್ಯೂಬನ್ನೇ ಕಿತ್ತುಕೊಳ್ಳುತ್ತಾರೆ. ಅವರ ಮನೆಯಲ್ಲಿ ಇಡ್ಲಿ ಬರುವುದೂ ಕಪ್ಪು ತಟ್ಟೆಯಲ್ಲೇ. ಗೋಡೆಯ ಮೇಲೆ ಅವರೇ ಬರೆದುಕೊಂಡ ಅವರ ಚಿತ್ರವಿದೆ: ಅರಿಶಿನದ ಹಿನ್ನೆಲೆಯಲ್ಲಿ ಹೊಳೆಯುವ ಕಡುಗಪ್ಪು ಮುಖ. ಪಕ್ಕದಲ್ಲೇ, ಗಂಡಿನ ಕಡೆಯವರಿಗೆ ಕಳಿಸಲೆಂದು ಹಿಂದೆ ಸ್ಟುಡಿಯೋದಲ್ಲಿ ತೆಗೆಸಿದ್ದ ಫೋಟೋ. ಅದರಲ್ಲಿ ಮುಖ ಬೆಳ್ಳಗಿದೆ. "ಇದೂ ನೀವೇನಾ ಮಿಸ್?" ಎಂದು ಹೊಸಬರು ಕೇಳಿದರೆ, ಕುಂಚ ತೊಳೆಯುತ್ತಲೇ ಹೇಳುತ್ತಾರೆ: "ಅದ್ರಲ್ಲಿ ನಾನಿಲ್ಲ ಕಣಮ್ಮ, ಪೌಡರ್ ಐತೆ."